ಇಂದ್ರಜಾಲದಲ್ಲಿ ಹೊಸ ಚಮತ್ಕಾರಗಳ ರಚನೆ

ಇಂದ್ರಜಾಲದಲ್ಲಿ ಹೊಸ ಚಮತ್ಕಾರಗಳ ರಚನೆ ಎಂದರೆ ಜಾದೂಗಾರನು ಹೊಸ ಆಟವೊಂದನ್ನು ಅಥವಾ ಹಳೆಯ ಆಟದ ಹೊಸ ರೂಪವೊಂದನ್ನು ಕಲ್ಪಿಸಿಕೊಂಡು, ಅದಕ್ಕೆ ತಕ್ಕ ಗುಪ್ತ ವಿಧಾನವನ್ನು ಕಂಡುಹಿಡಿದು, ಪ್ರೇಕ್ಷಕರ ಮುಂದೆ ತೋರಿಸಲು ಯೋಗ್ಯವಾಗುವಂತೆ ರೂಪಿಸುವ ಪ್ರಕ್ರಿಯೆ. ಇಂದ್ರಜಾಲದ ಇತಿಹಾಸದಲ್ಲಿ ಸಂಪೂರ್ಣ ಹೊಸದಾದ ಗುಟ್ಟುಗಳು ವಿರಳ. ಹೊಸ ಚಮತ್ಕಾರಗಳಲ್ಲಿ ಬಹುಪಾಲು ಹಳೆಯ ತತ್ತ್ವಗಳನ್ನು ಹೊಸ ವಸ್ತು, ಹೊಸ ಕಥೆ ಮತ್ತು ಹೊಸ ಸನ್ನಿವೇಶದೊಂದಿಗೆ ಜೋಡಿಸುವುದರಿಂದ ಹುಟ್ಟಿವೆ. ಈ ಕಲೆಯಲ್ಲಿ ಗುಟ್ಟನ್ನು ಕಾಯುವುದೇ ನಿಯಮವಾದ್ದರಿಂದ ರಚನೆಕಾರರ ಹೆಸರು ಉಳಿಯುವುದು ಕಷ್ಟ. ಬೀದಿಯಲ್ಲಿ ಆಟವಾಡುವ ಸಾಂಪ್ರದಾಯಿಕ ಕಲಾವಿದರ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ.

ಪದಗಳು

ಕನ್ನಡದಲ್ಲಿ ಈ ಕಲೆಗೆ ಇಂದ್ರಜಾಲ, ಜಾದೂ, ಯಕ್ಷಿಣಿ, ಕಣ್ಕಟ್ಟು, ಕೈಚಳಕ, ಮೋಡಿ, ಗಾರುಡಿ ಎಂಬ ಹಲವು ಹೆಸರುಗಳಿವೆ. ಇವು ಸಮಾನಾರ್ಥಕಗಳಂತೆ ಬಳಕೆಯಲ್ಲಿದ್ದರೂ ಒಂದೊಂದೂ ಕಲೆಯ ಒಂದೊಂದು ಮುಖವನ್ನು ಸೂಚಿಸುತ್ತದೆ. ‘ಕೈಚಳಕ’ವು ಪ್ರದರ್ಶಕನ ಕೈಯ ನೈಪುಣ್ಯವನ್ನು ಹೇಳಿದರೆ, ‘ಕಣ್ಕಟ್ಟು’ ನೋಡುವವನ ಕಣ್ಣಿನಲ್ಲಿ ಆಗುವುದನ್ನು ಹೇಳುತ್ತದೆ. ‘ಗಾರುಡಿ’ ಎಂಬ ಪದಕ್ಕೆ ಹಾವಿನ ವಿಷ ಇಳಿಸುವ ಗಾರುಡ ವಿದ್ಯೆಯ ಹಿನ್ನೆಲೆಯಿದೆ.

ಈ ಲೇಖನದಲ್ಲಿ ‘ಪರಿಣಾಮ’ ಎಂದರೆ ಪ್ರೇಕ್ಷಕನು ಕಂಡೆನೆಂದು ನಂಬುವ ಸಂಗತಿ. ‘ವಿಧಾನ’ ಎಂದರೆ ಅದು ನಿಜವಾಗಿ ನಡೆಯುವ ಗುಪ್ತ ಬಗೆ. ನಾಣ್ಯವು ಮಾಯವಾಗುವುದು ಪರಿಣಾಮ. ಅದು ಅಂಗೈಯಲ್ಲೇ ಅಡಗಿ ಉಳಿಯುವುದು ವಿಧಾನ.

ಪ್ರಾಚೀನ ಉಲ್ಲೇಖಗಳು

ವಾತ್ಸ್ಯಾಯನನ ಕಾಮಸೂತ್ರವು ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ಐಂದ್ರಜಾಲ ಮತ್ತು ಹಸ್ತಲಾಘವಗಳು ಬೇರೆ ಬೇರೆಯಾಗಿಯೇ ಎಣಿಕೆಯಾಗಿವೆ. ಶ್ರೀಹರ್ಷನ ‘ರತ್ನಾವಳಿ’ ನಾಟಕದಲ್ಲಿ ಐಂದ್ರಜಾಲಿಕನೊಬ್ಬನು ಅರಮನೆಗೆ ಬೆಂಕಿ ಬಿದ್ದಂತೆ ತೋರಿಸುತ್ತಾನೆ. ದಂಡಿಯ ಹೆಸರಿನಲ್ಲಿರುವ ‘ದಶಕುಮಾರಚರಿತ’ದ ಪೂರ್ವಪೀಠಿಕೆಯಲ್ಲಿ ಇನ್ನೂ ಸೂಕ್ಷ್ಮವಾದ ಪ್ರಸಂಗವಿದೆ. ವಿದ್ಯೇಶ್ವರನೆಂಬ ಐಂದ್ರಜಾಲಿಕನು ರಾಜಸಭೆಯಲ್ಲಿ ರಾಜಕುಮಾರಿಯ ವಿವಾಹವನ್ನು ಮಾಯೆಯೆಂದು ಹೇಳಿ ತೋರಿಸುತ್ತಾನೆ. ಸಭೆ ಅದನ್ನು ಆಟವೆಂದು ನಂಬಿ ಮೆಚ್ಚುತ್ತದೆ. ವಾಸ್ತವದಲ್ಲಿ ಅಲ್ಲಿ ನಿಜವಾದ ವಿವಾಹವೇ ನಡೆದುಹೋಗಿರುತ್ತದೆ. ಸುಳ್ಳನ್ನು ನಿಜವೆಂದು ತೋರಿಸುವ ರೂಢಿಯನ್ನು ತಲೆಕೆಳಗು ಮಾಡಿ, ನಿಜವನ್ನೇ ಸುಳ್ಳೆಂದು ತೋರಿಸುವ ಈ ಉಪಾಯದಲ್ಲಿ ಹೊಸ ಯಂತ್ರವಾಗಲಿ ಹೊಸ ಕೈಚಳಕವಾಗಲಿ ಇಲ್ಲ. ಪ್ರೇಕ್ಷಕರ ನಿರೀಕ್ಷೆಯನ್ನೇ ಬಳಸಿಕೊಂಡು ಹೊಸ ಚಮತ್ಕಾರವನ್ನು ರಚಿಸಬಹುದೆಂಬುದಕ್ಕೆ ಇದು ಹಳೆಯ ಸಾಹಿತ್ಯದ ಉತ್ತಮ ನಿದರ್ಶನ.

ಪರಿಣಾಮಗಳ ವರ್ಗೀಕರಣ

ಇಂದ್ರಜಾಲದ ಪರಿಣಾಮಗಳು ಅಸಂಖ್ಯವೆಂದು ತೋರಿದರೂ ಮೂಲ ಬಗೆಗಳು ಕೆಲವೇ. ಅಮೆರಿಕದ ಲೇಖಕ ಡೇರಿಯಲ್ ಫಿಟ್ಸ್‌ಕೀ 1944ರಲ್ಲಿ ಪ್ರಕಟಿಸಿದ ‘ದಿ ಟ್ರಿಕ್ ಬ್ರೈನ್’ ಎಂಬ ಪುಸ್ತಕದಲ್ಲಿ ಇವನ್ನು 19 ಗುಂಪುಗಳಾಗಿ ವಿಂಗಡಿಸಿದನು. ಶೂನ್ಯದಿಂದ ವಸ್ತುವನ್ನು ತೆಗೆಯುವುದು, ಮಾಯ ಮಾಡುವುದು, ಒಂದನ್ನು ಇನ್ನೊಂದಾಗಿಸುವುದು, ಸ್ಥಳ ಬದಲಿಸುವುದು, ಕತ್ತರಿಸಿದ್ದನ್ನು ಕೂಡಿಸುವುದು, ಗಾಳಿಯಲ್ಲಿ ತೇಲಿಸುವುದು, ಮನಸ್ಸಿನಲ್ಲಿರುವುದನ್ನು ಹೇಳುವುದು ಮುಂತಾದವು ಇವುಗಳಲ್ಲಿ ಸೇರಿವೆ. ಪರಿಣಾಮ, ವಸ್ತು ಮತ್ತು ವಿಧಾನಗಳ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಒಂದರೊಡನೊಂದನ್ನು ಜೋಡಿಸುತ್ತ ಹೋದರೆ ಹೊಸ ಆಟಗಳ ಬೀಜಗಳು ದೊರೆಯುತ್ತವೆ ಎಂಬುದು ಅವನ ವಾದ. ಆದರೆ ಹೀಗೆ ದೊರೆಯುವ ಜೋಡಣೆಗಳಲ್ಲಿ ಯಾವುದು ಪ್ರೇಕ್ಷಕರನ್ನು ಬೆರಗುಗೊಳಿಸುತ್ತದೆ ಎಂಬುದನ್ನು ಪಟ್ಟಿ ಹೇಳಲಾರದು. ಅದು ಜಾದೂಗಾರನ ವಿವೇಚನೆಗೆ ಬಿಟ್ಟದ್ದು.

ರಚನೆಯ ಎರಡು ದಾರಿಗಳು

ಪರಿಣಾಮದಿಂದ ವಿಧಾನಕ್ಕೆ: ಮೊದಲ ದಾರಿಯಲ್ಲಿ ಜಾದೂಗಾರನು ಏನನ್ನು ತೋರಿಸಬೇಕೆಂಬುದನ್ನು ನಿರ್ಧರಿಸಿ, ಬಳಿಕ ಅದನ್ನು ಸಾಧಿಸುವ ಬಗೆಯನ್ನು ಹುಡುಕುತ್ತಾನೆ. ಪಿ. ಟಿ. ಸೆಲ್ಬಿಟ್ 1921ರ ಜನವರಿಯಲ್ಲಿ ಲಂಡನ್ನಿನಲ್ಲಿ ಮಹಿಳೆಯೊಬ್ಬಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಗರಗಸದಿಂದ ಕೊಯ್ಯುವ ಆಟವನ್ನು ಸಾರ್ವಜನಿಕವಾಗಿ ತೋರಿಸಿದನು. ಅದೇ ವರ್ಷ ಅಮೆರಿಕದಲ್ಲಿ ಹೊರೇಸ್ ಗೋಲ್ಡಿನ್ ಬೇರೆ ವಿಧಾನದಿಂದ ಇದೇ ಪರಿಣಾಮವನ್ನು ಸಾಧಿಸಿದನು. ಒಂದೇ ಪರಿಣಾಮಕ್ಕೆ ಹಲವು ವಿಧಾನಗಳಿರಬಹುದೆಂಬುದಕ್ಕೆ ಇದು ಸಾಕ್ಷಿ. ಬಂಗಾಳದ ಪಿ. ಸಿ. ಸೊರ್ಕಾರ್ 1956ರ ಏಪ್ರಿಲ್‌ನಲ್ಲಿ ಬಿಬಿಸಿ ದೂರದರ್ಶನದಲ್ಲಿ ಇದರ ಇನ್ನೊಂದು ರೂಪವನ್ನು ತೋರಿಸಿದರು. ಕೊಯ್ದ ಬಳಿಕ ಸಹಾಯಕಿ ಏಳುವ ಮುನ್ನವೇ ಕಾರ್ಯಕ್ರಮ ಮುಗಿದುಹೋಯಿತು. ಗಾಬರಿಗೊಂಡ ವೀಕ್ಷಕರ ದೂರವಾಣಿ ಕರೆಗಳು ಬಿಬಿಸಿಗೆ ಹರಿದುಬಂದವು. ಆಟವು 35 ವರ್ಷ ಹಳೆಯದಾಗಿದ್ದರೂ ಅದರ ಕೊನೆ ಹೊಸದಾಗಿತ್ತು.

ವಿಧಾನದಿಂದ ಪರಿಣಾಮಕ್ಕೆ: ಎರಡನೆಯ ದಾರಿಯಲ್ಲಿ ವಸ್ತುವಿನ ಗುಣವೋ ವಿಜ್ಞಾನದ ತತ್ತ್ವವೋ ಮೊದಲು ದೊರೆಯುತ್ತದೆ, ಅದರಿಂದ ಏನು ಮಾಡಬಹುದೆಂಬ ಯೋಚನೆ ಬಳಿಕ ಬರುತ್ತದೆ. ರಾತ್ರಿ ಬಸ್ಸಿನ ಒಳಗೆ ದೀಪ ಉರಿಯುವಾಗ ಕಿಟಕಿಯ ಗಾಜಿನಲ್ಲಿ ಪ್ರಯಾಣಿಕನ ಮುಖವೂ ಹೊರಗಿನ ದೃಶ್ಯವೂ ಒಟ್ಟಿಗೆ ಕಾಣುವುದು ಎಲ್ಲರ ಅನುಭವ. ಈ ತತ್ತ್ವವನ್ನು ದೊಡ್ಡ ಗಾಜಿನ ಹಲಗೆಯ ಮೂಲಕ ರಂಗಭೂಮಿಗೆ ಅಳವಡಿಸಿ, ನಟರ ನಡುವೆ ಪಾರದರ್ಶಕ ಭೂತವೊಂದು ಓಡಾಡುವಂತೆ ತೋರಿಸಿದವರು ಹೆನ್ರಿ ಡರ್ಕ್ಸ್ ಮತ್ತು ಜಾನ್ ಹೆನ್ರಿ ಪೆಪ್ಪರ್. 1862ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಇದು ‘ಪೆಪ್ಪರನ ಭೂತ’ ಎಂದು ಪ್ರಸಿದ್ಧವಾಯಿತು.

ಹಳೆಯ ತತ್ತ್ವ, ಹೊಸ ಅರ್ಥ

1830ರ ಸುಮಾರಿನಲ್ಲಿ ಮದರಾಸಿನಲ್ಲಿ, ಇಂಗ್ಲಿಷ್ ಬರಹಗಳಲ್ಲಿ ಶೇಷಲ್ ಎಂದು ದಾಖಲಾಗಿರುವ ವ್ಯಕ್ತಿಯೊಬ್ಬನು ಕೋಲಿನ ಮೇಲೆ ಒಂದು ಕೈಯನ್ನು ಲಘುವಾಗಿ ಇರಿಸಿ, ನೆಲವನ್ನು ಮುಟ್ಟದೆ ಗಾಳಿಯಲ್ಲಿ ಕುಳಿತಂತೆ ತೋರಿಸುತ್ತಿದ್ದನು. ಬಟ್ಟೆಯೊಳಗೆ ಅಡಗಿದ ಲೋಹದ ಆಧಾರವೇ ಇದರ ಗುಟ್ಟೆಂಬ ವಿವರಣೆ ಪ್ರಚಲಿತವಾಗಿದೆ. ಗಡಿಯಾರ ತಯಾರಿಕೆಯ ಹಿನ್ನೆಲೆಯ ಫ್ರೆಂಚ್ ಜಾದೂಗಾರ ಝಾಂ ಯೂಜೆನ್ ರಾಬರ್ಟ್-ಹೂಡಿನ್ (1805–1871) 1847ರಲ್ಲಿ ಇದನ್ನು ಹೋಲುವ ತತ್ತ್ವದಿಂದ ತನ್ನ ಮಗನನ್ನು ಗಾಳಿಯಲ್ಲಿ ಅಡ್ಡಲಾಗಿ ಮಲಗಿಸಿದನು. ಶಸ್ತ್ರಚಿಕಿತ್ಸೆಯಲ್ಲಿ ಈಥರ್ ಬಳಕೆಯು 1846ರಲ್ಲಷ್ಟೇ ಸಾರ್ವಜನಿಕವಾಗಿ ತೋರಿಸಲ್ಪಟ್ಟು ಎಲ್ಲೆಡೆ ಚರ್ಚೆಯಲ್ಲಿತ್ತು. ಬಾಲಕನು ಈಥರ್ ಸೇವನೆಯಿಂದ ಹಗುರವಾಗಿದ್ದಾನೆಂದು ರಾಬರ್ಟ್-ಹೂಡಿನ್ ಸಾರಿದನು. ರಂಗದ ಹಿಂದಿನಿಂದ ಈಥರಿನ ವಾಸನೆಯೂ ಸಭೆಗೆ ಹರಡುವಂತೆ ಏರ್ಪಾಟು ಮಾಡಿದನು. ಮದರಾಸಿನಲ್ಲಿ ಯೋಗಬಲವೆಂದು ಕಂಡದ್ದು ಪ್ಯಾರಿಸಿನಲ್ಲಿ ವಿಜ್ಞಾನದ ಬಲವಾಗಿ ಕಂಡಿತು.

ಆತನ ಇನ್ನೊಂದು ಆಟದಲ್ಲಿ ವಿದ್ಯುತ್ಕಾಂತದ ನೆರವಿನಿಂದ ಚಿಕ್ಕ ಪೆಟ್ಟಿಗೆಯೊಂದು ಎತ್ತಲಾಗದಷ್ಟು ಭಾರವಾಗುತ್ತಿತ್ತು. 1856ರಲ್ಲಿ ಫ್ರೆಂಚ್ ಸರ್ಕಾರವು ಆತನನ್ನು ತನ್ನ ವಸಾಹತಾಗಿದ್ದ ಅಲ್ಜೀರಿಯಕ್ಕೆ ಕಳುಹಿಸಿದಾಗ, ಪೆಟ್ಟಿಗೆ ಭಾರವಾಯಿತು ಎನ್ನುವ ಬದಲು ಎದುರಿಗಿರುವ ಬಲಶಾಲಿಯ ಶಕ್ತಿಯನ್ನೇ ಕಸಿದುಕೊಂಡೆನೆಂದು ಹೇಳಿದನು. ಯಂತ್ರ ಅದೇ, ಕ್ರಿಯೆ ಅದೇ. ಒಂದು ಮಾತಿನ ಬದಲಾವಣೆಯಿಂದ ವಿನೋದದ ಆಟವು ಜನರನ್ನು ಹೆದರಿಸುವ ಸಾಧನವಾಯಿತು.

ರೂಪಿಸುವ ಹಂತಗಳು

ಹೊಸ ಆಟವು ಕಲ್ಪನೆಯಿಂದ ಪ್ರದರ್ಶನದವರೆಗೆ ಸಾಗುವಾಗ ಸಾಮಾನ್ಯವಾಗಿ ಕೆಳಗಿನ ಹಂತಗಳನ್ನು ದಾಟುತ್ತದೆ.

ಸರಳೀಕರಣ: ಪರಿಣಾಮವನ್ನು ಪ್ರೇಕ್ಷಕನು ಮರುದಿನ ಒಂದೇ ವಾಕ್ಯದಲ್ಲಿ ಇತರರಿಗೆ ಹೇಳಲು ಸಾಧ್ಯವಾಗಬೇಕು. ಹಾಗೆ ಹೇಳಲಾಗದಿದ್ದರೆ ಆಟದಲ್ಲಿ ಗೊಂದಲವಿದೆ ಎಂದರ್ಥ.

ಕಾರಣ ಕಲ್ಪಿಸುವುದು: ಗುಪ್ತ ಕ್ರಿಯೆಗೆ ಬೇಕಾದ ಪ್ರತಿಯೊಂದು ಚಲನೆಗೂ ಸಹಜವಾದ ನೆಪವಿರಬೇಕು. ಅಡಗಿಸಿದ ನಾಣ್ಯವನ್ನು ಜೇಬಿಗೆ ಇಳಿಸಬೇಕಾದರೆ, ಅದೇ ಜೇಬಿನಿಂದ ಕರವಸ್ತ್ರವನ್ನೋ ಕಡ್ಡಿಯನ್ನೋ ತೆಗೆಯುವ ಅಗತ್ಯವನ್ನು ಕಥೆಯೊಳಗೆ ತರಬೇಕಾಗುತ್ತದೆ. ಕಾರಣವಿಲ್ಲದ ಚಲನೆಯೇ ಅನುಮಾನದ ಮೂಲ.

ಗಮನದ ನಿರ್ವಹಣೆ: ಗುಸ್ಟಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾದೂಗಾರನು ಚೆಂಡನ್ನು ಎರಡು ಬಾರಿ ಮೇಲಕ್ಕೆಸೆದು ಹಿಡಿದು, ಮೂರನೆಯ ಬಾರಿ ಎಸೆದಂತೆ ನಟಿಸಿ ಕೈಯಲ್ಲೇ ಉಳಿಸಿಕೊಂಡನು. ಆತನ ದೃಷ್ಟಿಯೂ ಮೇಲಕ್ಕೆ ಹೋದಾಗ ನೋಡುಗರಲ್ಲಿ ಸುಮಾರು ಮೂರನೆಯ ಎರಡರಷ್ಟು ಜನ ಚೆಂಡು ಮೇಲೇರಿದ್ದನ್ನು ಕಂಡೆವೆಂದರು. ಆತನು ಕೈಯನ್ನೇ ನೋಡುತ್ತಿದ್ದಾಗ ಹಾಗೆಂದವರು ಮೂರನೆಯ ಒಂದರಷ್ಟು ಮಾತ್ರ. ಕೈಯಷ್ಟೇ ಕಣ್ಣೂ ಈ ಕಲೆಯ ಉಪಕರಣವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಊಹೆಗಳನ್ನು ಮುಚ್ಚುವುದು: ಪ್ರೇಕ್ಷಕನು ಯಾವ ಯಾವ ವಿವರಣೆಗಳನ್ನು ಊಹಿಸಬಹುದೆಂದು ಜಾದೂಗಾರನು ಮೊದಲೇ ಯೋಚಿಸಿ, ಅವುಗಳನ್ನು ಒಂದೊಂದಾಗಿ ಅಸಾಧ್ಯವೆಂದು ತೋರಿಸುತ್ತಾನೆ. ಸ್ಪೇನಿನ ಜಾದೂಗಾರ ಹುವಾನ್ ತಮಾರಿಸ್ ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ.

ಪರೀಕ್ಷೆ ಮತ್ತು ತಿದ್ದುಪಡಿ: ಕನ್ನಡಿ ಅಥವಾ ಕ್ಯಾಮೆರಾದ ಮುಂದೆ ಅಭ್ಯಾಸ ನಡೆದರೂ ಆಟವು ಪಕ್ವವಾಗುವುದು ಜನರ ಮುಂದೆಯೇ. ಪ್ರೇಕ್ಷಕರು ಬೆರಗಾಗಬೇಕಾದಲ್ಲಿ ಸುಮ್ಮನಿದ್ದರೆ, ಸುಮ್ಮನಿರಬೇಕಾದಲ್ಲಿ ನಕ್ಕರೆ, ಆ ಭಾಗವನ್ನು ತಿದ್ದಬೇಕಾಗುತ್ತದೆ.

ಪ್ರೇಕ್ಷಕರ ಪೂರ್ವಜ್ಞಾನ

ಯಾವುದು ಚಮತ್ಕಾರವೆನಿಸುತ್ತದೆ ಎಂಬುದು ನೋಡುವವರ ತಿಳಿವಳಿಕೆಯನ್ನೂ ಅವಲಂಬಿಸಿದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಅದು ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಶಿನದ ಬಣ್ಣವು ಕ್ಷಾರದಲ್ಲಿ ಒಂದು ಬಗೆಯಾಗಿಯೂ ಆಮ್ಲದಲ್ಲಿ ಇನ್ನೊಂದು ಬಗೆಯಾಗಿಯೂ ಕಾಣುವುದು ಇದಕ್ಕೆ ಕಾರಣ. ಇದನ್ನು ಅರಿಯದವರ ಮುಂದೆ ಇದೊಂದು ಸೊಗಸಾದ ಬಣ್ಣ ಬದಲಾವಣೆಯ ಆಟವಾಗಬಲ್ಲದು. ಆದರೆ ಆರತಿಗೆ ಓಕುಳಿ ಕಲಸುವುದನ್ನು ಮನೆಯಲ್ಲೇ ನೋಡಿ ಬೆಳೆದ ಕರ್ನಾಟಕದ ಮಗುವಿಗೆ ಅದು ದಿನಬಳಕೆಯ ಸಂಗತಿ. ಆದ್ದರಿಂದ ಇಲ್ಲಿನ ಜಾದೂಗಾರನು ಅರಿಶಿನವನ್ನು ಅರಿಶಿನವೆಂದು ತಿಳಿಯದಂತೆ ಮರೆಸಬೇಕು, ಇಲ್ಲವೇ ಬೇರೆ ತತ್ತ್ವವನ್ನು ಹುಡುಕಬೇಕು.

ಕರ್ನಾಟಕದಲ್ಲಿ

ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಕಂಡುಬರುವ ಸುಡುಗಾಡು ಸಿದ್ಧರು ಕೈಚಳಕವನ್ನು ಕುಲವೃತ್ತಿಯಾಗಿ ಉಳಿಸಿಕೊಂಡು ಬಂದ ಅಲೆಮಾರಿ ಸಮುದಾಯ. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇವರ ಹೆಸರಿದೆ. ಊರ ಬೀದಿಯೇ ಇವರ ರಂಗಸ್ಥಳ. ನಾಲ್ಕೂ ಕಡೆಯಿಂದ ಜನ ಸುತ್ತುವರಿದು ನಿಲ್ಲುವ ಈ ಸನ್ನಿವೇಶದಲ್ಲಿ ಪರದೆಯಿಲ್ಲ, ದೀಪದ ಏರ್ಪಾಟಿಲ್ಲ, ಮೇಜೂ ಇಲ್ಲ. ಕನ್ನಡಿ, ಗಾಜು, ಗುಪ್ತ ಬಾಗಿಲುಗಳನ್ನು ಅವಲಂಬಿಸಿದ ವಿಧಾನಗಳು ಇಲ್ಲಿ ನಡೆಯಲಾರವು. ಹೀಗಾಗಿ ಇಂಥ ಬೀದಿಯಾಟದ ರಚನಾಶಕ್ತಿಯೆಲ್ಲ ಬೆರಳು, ಬಟ್ಟೆ, ಜೋಳಿಗೆ ಮತ್ತು ಮಾತುಗಾರಿಕೆಯಲ್ಲಿ ನೆಲೆಗೊಳ್ಳುತ್ತದೆ. ಜೋಳಿಗೆಗೆ ಕೈಹಾಕುವುದು ಅಲೆಮಾರಿಗೆ ಸಹಜವಾದ್ದರಿಂದ, ರಂಗದ ಜಾದೂಗಾರನು ಕಥೆ ಕಟ್ಟಿ ಒದಗಿಸಿಕೊಳ್ಳಬೇಕಾದ ನೆಪ ಇವರಿಗೆ ವೇಷದಲ್ಲೇ ದೊರೆತಿದೆ.

ಜನಪದದ ಮೋಡಿ ಆಟದಲ್ಲಿ ಒಬ್ಬ ಮೋಡಿಗಾರನು ಒಡ್ಡಿದ ಸವಾಲನ್ನು ಇನ್ನೊಬ್ಬನು ಎದುರಿಸುವ ಸ್ಪರ್ಧೆಯ ಸ್ವರೂಪವಿದೆ. ಎದುರಾಳಿಗೆ ತಿಳಿದಿರುವ ಉಪಾಯವು ಇಂಥಲ್ಲಿ ನಿಷ್ಪ್ರಯೋಜಕವಾದ್ದರಿಂದ ಸ್ಪರ್ಧೆಯೇ ಹೊಸತನಕ್ಕೆ ಪ್ರೇರಣೆಯಾಗುತ್ತದೆ. ಕಾನೂನು ಸಹ ಆಟಗಳನ್ನು ಬದಲಿಸಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಹಾವುಗಳನ್ನು ಹಿಡಿದು ಆಡಿಸುವಂತಿಲ್ಲದೆ ಹಾವಾಡಿಗರ ಹಳೆಯ ವೃತ್ತಿ ಕುಗ್ಗಿತು.

ಆಧುನಿಕ ರಂಗದಲ್ಲಿ ಮಂಗಳೂರಿನ ಕುದ್ರೋಳಿ ಗಣೇಶ್ ತುಳುನಾಡಿನ ಜನಪದ ಅಂಶಗಳನ್ನು ಜಾದೂವಿನೊಂದಿಗೆ ಬೆಸೆದಿದ್ದಾರೆ. ಇನ್ನೊಂದು ಧಾರೆ ಪವಾಡ ರಹಸ್ಯ ಬಯಲಿನದು. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದರು. ಹುಲಿಕಲ್ ನಟರಾಜ್ ರಾಜ್ಯದ ಊರೂರುಗಳಲ್ಲಿ ಇಂಥ ಪ್ರದರ್ಶನಗಳನ್ನು ನೀಡಿದ್ದಾರೆ. ಪವಾಡವೆಂದು ಸಾರಲಾದ ಪರಿಣಾಮವನ್ನು ಮುಂದಿಟ್ಟುಕೊಂಡು ಅದರ ಸಂಭಾವ್ಯ ವಿಧಾನವನ್ನು ಹುಡುಕುವ ಈ ಕೆಲಸವು ಜಾದೂಗಾರನ ರಚನಾಕ್ರಮವನ್ನೇ ಹೋಲುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಕೊನೆಗೆ ಗುಟ್ಟನ್ನು ಬಿಚ್ಚಿಡಲಾಗುತ್ತದೆ.

ಸ್ವಂತಿಕೆ ಮತ್ತು ಹಕ್ಕು

ಹೊಸ ಚಮತ್ಕಾರವನ್ನು ತನ್ನದೆಂದು ರಕ್ಷಿಸಿಕೊಳ್ಳುವುದು ಕಷ್ಟ. ಪೇಟೆಂಟ್ ಪಡೆಯಬೇಕಾದರೆ ವಿಧಾನವನ್ನು ಬಹಿರಂಗಪಡಿಸಬೇಕು. ಗೋಲ್ಡಿನ್ ಗರಗಸದ ಆಟಕ್ಕೆ 1923ರಲ್ಲಿ ಅಮೆರಿಕದ ಪೇಟೆಂಟ್ ಪಡೆದನು. ಸಿಗರೇಟು ಕಂಪನಿಯೊಂದು ತನ್ನ ಜಾಹೀರಾತಿನಲ್ಲಿ ಗುಟ್ಟನ್ನು ಪ್ರಕಟಿಸಿದಾಗ ಆತನು ಹೂಡಿದ ದಾವೆ 1938ರಲ್ಲಿ ವಜಾಗೊಂಡಿತು. ಆದರೆ ಜಾದೂಗಾರ ಟೆಲ್ಲರ್ ತನ್ನ ‘ಶ್ಯಾಡೋಸ್’ ಎಂಬ ಆಟವನ್ನು 1983ರಲ್ಲಿ ನಾಟಕಕೃತಿಯಾಗಿ ನೋಂದಾಯಿಸಿದ್ದನು. ನೆರಳಿನ ಹೂವನ್ನು ಕತ್ತರಿಸಿದಂತೆ ನಿಜವಾದ ಹೂವಿನ ದಳಗಳು ಉದುರುವ ಈ ಆಟದ ಅನುಕರಣೆಯ ವಿರುದ್ಧ ಅಮೆರಿಕದ ನ್ಯಾಯಾಲಯವು 2014ರಲ್ಲಿ ಆತನ ಪರವಾಗಿ ತೀರ್ಪು ನೀಡಿತು. ರಕ್ಷಣೆ ದೊರೆತದ್ದು ಗುಟ್ಟಿಗಲ್ಲ, ಅದರ ನಾಟಕೀಯ ರೂಪಕ್ಕೆ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯು ‘ಪ್ರದರ್ಶಕ’ ಎಂಬ ಪದದ ವ್ಯಾಖ್ಯೆಯಲ್ಲಿ ನಟ, ಗಾಯಕ, ನರ್ತಕರೊಂದಿಗೆ ಜಾದೂಗಾರನನ್ನೂ ಹಾವಾಡಿಗನನ್ನೂ ಸೇರಿಸಿದೆ. ಪ್ರದರ್ಶಕನ ಹಕ್ಕಿನ ಅವಧಿ ಈಗ 50 ವರ್ಷ. ಈ ಹಕ್ಕು ಆತನ ಪ್ರದರ್ಶನದ ಧ್ವನಿ ಮತ್ತು ದೃಶ್ಯ ದಾಖಲೆಗಳಿಗೆ ಸಂಬಂಧಿಸಿದ್ದು. ಆಟದ ಹಿಂದಿನ ಉಪಾಯಕ್ಕೆ ಅನ್ವಯಿಸುವುದಿಲ್ಲ. ತಲೆಮಾರುಗಳಿಂದ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ಉಪಾಯಗಳಿಗೆ ಯಾವ ನೋಂದಣಿಯೂ ಇಲ್ಲ. ಬರಿದಾಗಿಸಿದ ತಂಬಿಗೆಯಿಂದ ಮತ್ತೆ ಮತ್ತೆ ನೀರು ಸುರಿಯುವ ಆಟವು ಭಾರತದ ಬೀದಿಗಳಿಂದ ಜಗತ್ತಿನ ರಂಗಗಳನ್ನು ತಲುಪಿತು. ಸೊರ್ಕಾರರ ಪ್ರದರ್ಶನಗಳಲ್ಲಿ ಅದು ‘ವಾಟರ್ ಆಫ್ ಇಂಡಿಯಾ’ ಎಂಬ ಹೆಸರಿನಿಂದ ಜನಪ್ರಿಯವಾಯಿತು. ಆಟದ ಹೆಸರಿನಲ್ಲಿ ದೇಶ ಉಳಿದಿದೆ, ಅದನ್ನು ಮೊದಲು ರಚಿಸಿದವನ ಹೆಸರು ಉಳಿದಿಲ್ಲ. ಮಕ್ಕಳು ಬೇರೆ ಉದ್ಯೋಗಗಳಿಗೆ ಹೋದಂತೆ ಇಂಥ ಕುಲವಿದ್ಯೆಗಳು ಕಲಿಯುವವರಿಲ್ಲದೆ ಮರೆಯಾಗುತ್ತವೆ. ಬರೆದಿಡದ ಗುಟ್ಟು ಬಲ್ಲವನೊಂದಿಗೇ ಹೋಗುತ್ತದೆ. ಬರೆದು ಪ್ರಕಟಿಸಿದರೆ ಗುಟ್ಟಾಗಿ ಉಳಿಯುವುದಿಲ್ಲ. ಆದ್ದರಿಂದ ಉಪಾಯವನ್ನು ಬಿಚ್ಚಿಡದೆ, ಆಟದ ಪರಿಣಾಮ, ಮಾತುಗಾರಿಕೆ ಮತ್ತು ಆಡಿದವರ ಹೆಸರುಗಳನ್ನು ದಾಖಲಿಸುವುದು ಈ ಎರಡರ ನಡುವಿನ ಸಾಧ್ಯ ಮಾರ್ಗವಾಗಿದೆ.