ಅಕ್ಷರ ಬದುಕುವುದು ಕೈಯಲ್ಲಿ

ಮುಲುಂಡ್‌ನ ಯಾವುದಾದರೂ ಕನ್ನಡ ಮನೆಗೆ ಹೋಗಿ ನೋಡಿ. ಮಕ್ಕಳು ಅಜ್ಜಿಯ ಜೊತೆ ಕನ್ನಡದಲ್ಲೇ ಮಾತಾಡ್ತಾರೆ. ಆದರೆ ಕಾಗದ ಕೊಟ್ಟು "ನಿನ್ನ ಹೆಸರು ಕನ್ನಡದಲ್ಲಿ ಬರಿ" ಅಂದರೆ ಎಷ್ಟೋ ಮಕ್ಕಳ ಪೆನ್ನು ನಿಂತುಬಿಡುತ್ತದೆ. ಮಾತು ಉಳಿದರೆ ಸಾಕು, ಲಿಪಿ ಯಾಕೆ ಅಂತ ನೀವು ಕೇಳಬಹುದು. ಉತ್ತರ ನಾವು ಬದುಕುತ್ತಿರುವ ಮುಂಬಯಿಯಲ್ಲೇ ಇದೆ.

ಮರಾಠಿಗೆ ಮೋಡಿ ಅನ್ನುವ ಇನ್ನೊಂದು ಲಿಪಿ ಇತ್ತು. ಕೈ ಎತ್ತದೆ ಸರಸರ ಬರೆಯಲು ಅನುಕೂಲ. ಹಾಗಾಗಿ ಪೇಶ್ವೆಗಳ ಕಾಲದ ಲೆಕ್ಕಪತ್ರ, ಜಮೀನಿನ ದಾಖಲೆಗಳು ಅದರಲ್ಲೇ ಇವೆ. ಅಚ್ಚಿನ ಕೆಲಸಕ್ಕೆ ದೇವನಾಗರಿ ಸುಲಭವಾಯಿತು. 20ನೇ ಶತಮಾನದ ನಡುವಿನ ಹೊತ್ತಿಗೆ ಮೋಡಿ ಬಳಕೆ ತಪ್ಪಿತು. ಇವತ್ತು ಮರಾಠಿ ಚೆನ್ನಾಗಿ ಬಲ್ಲವರೂ ಮುತ್ತಜ್ಜನ ಕಾಗದ ಓದಿಸಲು ಮೋಡಿ ಗೊತ್ತಿರುವವರನ್ನು ಹುಡುಕಬೇಕು. ಭಾಷೆ ಬದುಕಿದೆ, ಕಾಗದ ಮಾತ್ರ ಮೂಕವಾಗಿದೆ.

ಆ ಮೋಡಿಗೆ ಮತ್ತೆ ಜೀವ ಕೊಡಲು ಹೊರಟವರು ಮುಂಬಯಿಯ ಅಕ್ಷರ ಕಲಾವಿದ ಅಚ್ಯುತ ಪಾಲವ್. 1982ರಲ್ಲಿ ಜೆ.ಜೆ. ಕಲಾಶಾಲೆಯ ಓದು ಮುಗಿಸಿದ ಅವರು ಮೋಡಿಯ ಅಧ್ಯಯನಕ್ಕಿಳಿದರು. ದೇವನಾಗರಿಯ ಗಟ್ಟಿತನಕ್ಕೆ ಮೋಡಿಯ ಓಟ ಬೆರೆಸಿ 'ಮುಕ್ತಲಿಪಿ' ರೂಪಿಸಿದರು. ಅಕ್ಷರವನ್ನು ಕಾಗದದಿಂದಾಚೆ ಬಟ್ಟೆಗೂ ಕ್ಯಾನ್ವಾಸಿಗೂ ದಾಟಿಸಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪಾಲವ್ ಅವರಿಗೆ ದಾರಿ ತೋರಿಸಿದವರು ಆರ್.ಕೆ. ಜೋಶಿ. ಮುಂಬಯಿಯ ಐಐಟಿಯಲ್ಲಿ ಪಾಠ ಮಾಡಿದವರು. ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಓದಿದವರಿಗೆ 'ತುಂಗಾ' ಫಾಂಟ್ ಗೊತ್ತಿರುತ್ತದೆ. ಅದು ತಯಾರಾದದ್ದು ಇದೇ ಜೋಶಿಯವರ ನಿರ್ದೇಶನದಲ್ಲಿ! ಕೈಬರಹ ಬಲ್ಲವರೇ ಕಂಪ್ಯೂಟರಿಗೂ ಅಕ್ಷರ ಕೊಟ್ಟರು ಅನ್ನುವುದನ್ನು ಮರೆಯಬೇಡಿ.

ಈ ಕಲೆ ನಮಗೇನೂ ದೂರದ್ದಲ್ಲ. ಅರಬಿ ಬರವಣಿಗೆಯಲ್ಲಿ ಅಲಿಫ್ ಎಷ್ಟು ಎತ್ತರ ಇರಬೇಕು ಅನ್ನುವುದನ್ನು ಚುಕ್ಕೆಗಳಲ್ಲಿ ಅಳೆಯುತ್ತಾರೆ. ಲೆಕ್ಕಣಿಕೆಯ ತುದಿಯನ್ನು ಒತ್ತಿ ಎಳೆದಾಗ ಮೂಡುವ ಚೌಕ ಚುಕ್ಕೆಯೇ ಅಲ್ಲಿ ಅಳತೆಗೋಲು. ತುದಿ ಅಗಲವಾದರೆ ಅಕ್ಷರವೂ ದೊಡ್ಡದಾಗುತ್ತದೆ, ಆದರೆ ಪ್ರಮಾಣ ಕೆಡುವುದಿಲ್ಲ. ಕೈಗೆ ಶಿಸ್ತು ಬರುವುದು ಹೀಗೆ.

ಅದೇ ಶಿಸ್ತನ್ನು ಕನ್ನಡಕ್ಕೂ ತರಬಹುದು. ಒಂದು ಬಿದಿರು ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ, ಸ್ವಲ್ಪ ಓರೆಯಾಗಿ ಕತ್ತರಿಸಿ. ಶಾಯಿಯಲ್ಲಿ ಅದ್ದಿ, ಕೋನ ಬದಲಿಸದೆ 'ಅ' ಬರೆಯಿರಿ. ಗೆರೆ ತಾನಾಗಿಯೇ ದಪ್ಪ, ಸಣ್ಣ ಆಗುತ್ತಾ ತಿರುಗುತ್ತದೆ. ಮಗುವಿಗೆ ಅದು ಆಟ, ಜೊತೆಗೆ ಅಕ್ಷರಾಭ್ಯಾಸ.

ಈ ಭಾನುವಾರ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಅದರ ಹೆಸರು, ಆಮೇಲೆ ಅಜ್ಜಿಯ ಹೆಸರು ಬರೆಸಿ. ನಾಳೆ ನಿಮ್ಮ ಕಾಗದವನ್ನು ಓದಲು ನಿಮ್ಮ ಮೊಮ್ಮಕ್ಕಳು ಬೇರೆಯವರನ್ನು ಹುಡುಕುವ ಹಾಗಾಗಬಾರದು, ಅಲ್ವಾ?