ದುಡಿಯುತ್ತ ಓದಿ ವೈಮಾನಿಕನಾಗುವ ಬಗೆ

ನಾವು ವಾಸಿಸುವ ಅಹಮದಾಬಾದಿಗೂ ವಿಮಾನಕ್ಕೂ ಇರುವ ನಂಟು ಹಳೆಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಅಂಚೆಯನ್ನು ಹೊತ್ತು, ಇಲ್ಲಿ ಇಳಿದು, ಮುಂಬಯಿಗೆ ಹಾರಿದರು. ಅಲ್ಲಿಂದ ನೆವಿಲ್ ವಿನ್ಸೆಂಟರು ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಅಂತಹ ದಾರಿಯಲ್ಲಿ ನಮ್ಮವರೂ ಹಾರಲಾಗದೆ?

ಹಾರಬಹುದು. ಹತ್ತನೆಯ ತರಗತಿ ಮುಗಿಸಿದ 16 ವರ್ಷದವರು ವಿದ್ಯಾರ್ಥಿ ವೈಮಾನಿಕರಾಗಬಹುದು. ಆದರೆ ವಿಮಾನ ನಡೆಸುವುದನ್ನೇ ವೃತ್ತಿಯಾಗಿಸಿಕೊಳ್ಳಲು ವಾಣಿಜ್ಯ ಪರವಾನಗಿ ಬೇಕು. ಅದಕ್ಕೆ 18 ವರ್ಷದ ವಯಸ್ಸೂ 200 ಗಂಟೆಗಳ ಹಾರಾಟವೂ ಅವಶ್ಯ. 12ನೆಯ ತರಗತಿಯ ಭೌತಶಾಸ್ತ್ರ, ಗಣಿತಗಳಲ್ಲಿ ತೇರ್ಗಡೆಯಾಗಿರಬೇಕೆಂಬುದು 1990ರ ದಶಕದಿಂದ ನಡೆದುಬಂದ ನಿಯಮ. ಹೀಗಿರುವಾಗ, ಹತ್ತನೆಯ ತರಗತಿಗೇ ಶಾಲೆ ಬಿಟ್ಟು, ಬೋಡಕ್‌ದೇವದ ಅಂಗಡಿಯಲ್ಲಿ ದುಡಿಯುತ್ತ, ಬಿಡುವಿನ ದಿನ ಮೆಹ್ಸಾಣಾದ ವಿಮಾನನೆಲೆಯಲ್ಲಿ ಹಾರಲು ಕಲಿಯುವ ತರುಣನ ಗತಿಯೇನು?

ಇಂಥವರಿಗಾಗಿಯೇ 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಸ್ಥಾಪಿತವಾಯಿತು. ಒಮ್ಮೆ ಹೆಸರು ದಾಖಲಿಸಿದರೆ 5 ವರ್ಷಗಳಲ್ಲಿ 9 ಅವಕಾಶಗಳುಂಟು. ಒಂದೊಂದೇ ವಿಷಯವನ್ನು ಓದಿ ಪರೀಕ್ಷೆಗೆ ಕೂರಬಹುದು. ತೇರ್ಗಡೆಯಾದ ವಿಷಯದ ಅಂಕಗಳು ಉಳಿದುಕೊಳ್ಳುತ್ತವೆ. ದುಡಿಯುವವನಿಗೆ ಇದು ದೊಡ್ಡ ಆಸರೆ. ಹಾರಾಟದ ಶಿಕ್ಷಣಕ್ಕೆ ಹಲವು ಲಕ್ಷ ರೂಪಾಯಿಗಳು ಬೇಕೆಂಬ ಕಷ್ಟವನ್ನು ಓದು ನೀಗಿಸದು, ನಿಜ. ಆದರೆ ಮುಚ್ಚಿದ ಬಾಗಿಲನ್ನು ಅದು ತೆರೆಯುತ್ತದೆ.

ಈ ಎರಡು ವಿಷಯಗಳೇ ಏಕೆ? ಗಂಟೆಗೆ 100 ಮೈಲಿ ವೇಗದ ವಿಮಾನವೊಂದು ನೇರ ಉತ್ತರಕ್ಕೆ ಮುಖಮಾಡಿ ಹಾರುತ್ತಿದೆಯೆನ್ನೋಣ. ಪಶ್ಚಿಮದಿಂದ ಗಂಟೆಗೆ 20 ಮೈಲಿಯ ಗಾಳಿ ಬೀಸಿದರೆ, ಒಂದು ಗಂಟೆಯಲ್ಲಿ ಅದು 20 ಮೈಲಿ ಪೂರ್ವಕ್ಕೆ ಸರಿದಿರುತ್ತದೆ. ದಾರಿ ತಪ್ಪದಿರಲು ಅದರ ಮುಖವನ್ನು ಸುಮಾರು ಹನ್ನೊಂದೂವರೆ ಡಿಗ್ರಿ ಪಶ್ಚಿಮಕ್ಕೆ ತಿರುಗಿಸಬೇಕು. ಗಾಳಿಯ ವೇಗವನ್ನೂ ವಿಮಾನದ ವೇಗವನ್ನೂ ಕೂಡಿಸಲು ಕಲಿಸುವುದು ಭೌತಶಾಸ್ತ್ರ. ಈ ಕೋನವನ್ನು ಕಂಡುಕೊಡುವುದು ತ್ರಿಕೋನಮಿತಿ. 2025ರಲ್ಲಿ ಮೇಲಿನ ನಿಯಮವನ್ನು ಸಡಿಲಿಸುವ ಮಾತು ಕೇಳಿಬಂದಿತು. ಕಾಗದದ ನಿಯಮ ಸಡಿಲವಾದೀತು. ಗಾಳಿಯ ನಿಯಮ ಸಡಿಲವಾಗದು.

ಆದುದರಿಂದ ಸ್ವಂತವಾಗಿ ಓದುವವರು ಒಂದನ್ನು ಮರೆಯಬಾರದು. ಮುಕ್ತ ಶಾಲೆಯ ತೇರ್ಗಡೆಗೆ ನೂರಕ್ಕೆ 33 ಅಂಕ ಸಾಕು. ಆದರೆ ನೌಕಾಯಾನದಂತೆಯೇ ದಿಕ್ಕು-ದೂರಗಳ ಲೆಕ್ಕವನ್ನು ಕೇಳುವ ವಾಯುಯಾನ ಶಾಸ್ತ್ರ, ಹವಾಮಾನ ಶಾಸ್ತ್ರ, ವಾಯುಸಂಚಾರ ನಿಯಮಗಳೇ ಮೊದಲಾದ ವೈಮಾನಿಕ ಪರೀಕ್ಷೆಗಳಲ್ಲಿ 70 ಬೇಕು. ಇರುಳು ದೀಪದ ಮುಂದೆ ಪುಸ್ತಕ ತೆರೆಯುವಾಗ 33ಕ್ಕಾಗಿ ಅಲ್ಲ, 70ಕ್ಕಾಗಿ ಓದೋಣ.