ಮನೆಯ ಇಂಧನಕ್ಕೂ ಒಂದು ಲೆಕ್ಕದ ಪುಸ್ತಕವಿರಲಿ

ಈ ವರ್ಷ ತೋಟಕ್ಕೆ ಎಷ್ಟು ಮೂಟೆ ಗೊಬ್ಬರ ಹಾಕಿದಿರಿ, ಎಷ್ಟು ಆಳಿನ ಕೂಲಿ ಕೊಟ್ಟಿರಿ, ಎಷ್ಟು ಕ್ವಿಂಟಾಲ್ ಕೊಬ್ಬರಿ ಮಾರಿದಿರಿ ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಬಹುಮಂದಿ ತಡವರಿಸದೆ ಉತ್ತರ ಕೊಡಬಲ್ಲಿರಿ. ಆದರೆ ಕಳೆದ ತಿಂಗಳು ಮನೆಯಲ್ಲಿ ಎಷ್ಟು ಯೂನಿಟ್ ವಿದ್ಯುತ್ ಖರ್ಚಾಯಿತು, ಅಡುಗೆ ಅನಿಲದ ಸಿಲಿಂಡರ್ ಎಷ್ಟು ದಿನ ಬಂತು, ಬಚ್ಚಲ ಒಲೆಗೆ ದಿನಕ್ಕೆ ಎಷ್ಟು ಸೌದೆ ಬಿತ್ತು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಬೇಸಾಯದಲ್ಲಿ ಉಳಿಸಿದ ಹಣ ಮನೆಯಲ್ಲಿ ಸೋರಿಹೋಗುವುದು ಇಂತಹ ಲೆಕ್ಕವಿಲ್ಲದ ಕಡೆಯಲ್ಲಿಯೇ. ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಕುಟುಂಬಗಳು ಈ ಸೋರಿಕೆಯನ್ನು ಹೇಗೆ ಅಳೆಯಬಹುದು, ಹೇಗೆ ತಡೆಯಬಹುದು ಎಂಬುದನ್ನು ಇಲ್ಲಿ ನೋಡೋಣ.

ಲೆಕ್ಕ ಏಕೆ ಬೇಕು?

“ಸರ್ಕಾರ ವಿದ್ಯುತ್ತನ್ನು ಉಚಿತವಾಗಿ ಕೊಡುತ್ತಿರುವಾಗ ಲೆಕ್ಕ ಏಕೆ?” ಎಂದು ನೀವು ಕೇಳಬಹುದು. 2023ರ ಆಗಸ್ಟ್ ತಿಂಗಳ ಬಿಲ್ಲಿನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮವನ್ನು ಸರಿಯಾಗಿ ತಿಳಿದುಕೊಂಡರೆ ಲೆಕ್ಕದ ಅಗತ್ಯ ತಾನಾಗಿಯೇ ಮನವರಿಕೆಯಾಗುತ್ತದೆ. ಎಲ್ಲ ಮನೆಗಳಿಗೂ 200 ಯೂನಿಟ್ ಉಚಿತವೆಂಬುದು ತಪ್ಪು ತಿಳುವಳಿಕೆ. 2022-23ನೇ ಸಾಲಿನಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡ 10ರಷ್ಟು ಸೇರಿಸಿದ ಪ್ರಮಾಣ ಮಾತ್ರ ನಿಮ್ಮ ಪಾಲು ಎಂದು ನಿಯಮ ಮಾಡಲಾಯಿತು. ಈ ಪಾಲನ್ನು ಮೀರಿ, ಆದರೆ 200 ಯೂನಿಟ್ಟಿನ ಒಳಗೆ ಬಳಸಿದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

ಒಂದು ಉದಾಹರಣೆ ನೋಡಿ. ನಿಮ್ಮ ಸರಾಸರಿ 100 ಯೂನಿಟ್ ಇದ್ದರೆ ನಿಮ್ಮ ಪಾಲು 110 ಯೂನಿಟ್. ಲೆಕ್ಕಕ್ಕೆ ಸುಲಭವಾಗಲೆಂದು ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಮದುವೆಯೋ ನಾಮಕರಣವೋ ನಡೆದ ತಿಂಗಳು 200 ಯೂನಿಟ್ ಖರ್ಚಾದರೆ ಹೆಚ್ಚುವರಿ 90 ಯೂನಿಟ್ಟಿಗೆ 540 ರೂಪಾಯಿ. ಅದೇ 201 ಆದರೆ 1,206 ರೂಪಾಯಿ! ಆ ಒಂದು ಯೂನಿಟ್ಟಿನ ಬೆಲೆ ಆರು ರೂಪಾಯಿಯಲ್ಲ, ಆರು ನೂರು ರೂಪಾಯಿಗೂ ಹೆಚ್ಚು. ಬಿಲ್ಲು ಕೈಗೆ ಬಂದ ಮೇಲೆ ಈ ನಷ್ಟವನ್ನು ತಪ್ಪಿಸಲಾಗದು. ತಿಂಗಳ ಮಧ್ಯದಲ್ಲಿಯೇ ಮೀಟರ್ ನೋಡಿದವರು ತಪ್ಪಿಸಬಲ್ಲರು. ಆದ್ದರಿಂದ ಮೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಅರ್ಹ ಯೂನಿಟ್ ಎಷ್ಟು, ದರ ಎಷ್ಟು ಎಂಬುದನ್ನು ಮೊದಲು ಓದಿ ಬರೆದಿಟ್ಟುಕೊಳ್ಳಿ.

ಅಳೆಯುವ ವಿಧಾನ

ಇದಕ್ಕೆ ಬೇಕಾದುದು ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್ ಮಾತ್ರ. ವಾರಕ್ಕೊಮ್ಮೆ, ಉದಾಹರಣೆಗೆ ಪ್ರತಿ ಭಾನುವಾರ ಬೆಳಿಗ್ಗೆ 7 ಗಂಟೆಗೆ, ಮೀಟರಿನಲ್ಲಿ ಕಿಲೋವ್ಯಾಟ್-ಅವರ್ ಎಂಬ ಗುರುತಿನೊಡನೆ ಬರುವ ಸಂಖ್ಯೆಯನ್ನು ಬರೆಯಿರಿ. ಈ ವಾರದ ಸಂಖ್ಯೆಯಿಂದ ಹಿಂದಿನ ವಾರದ ಸಂಖ್ಯೆಯನ್ನು ಕಳೆದರೆ ವಾರದ ಬಳಕೆ ದೊರೆಯುತ್ತದೆ. 110 ಯೂನಿಟ್ ಪಾಲಿನವರು ವಾರಕ್ಕೆ ಸುಮಾರು 25 ಯೂನಿಟ್ ದಾಟಬಾರದು. ಈ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿರಿ. ಮಕ್ಕಳಿಗೆ ಗಣಿತವೂ ಆಯಿತು, ಮನೆಗೆ ಲಾಭವೂ ಆಯಿತು.

ಮೀಟರಿನಲ್ಲಿ ಮಿಣುಕುವ ಕೆಂಪು ದೀಪವೊಂದಿರುವುದನ್ನು ನೀವು ನೋಡಿರಬಹುದು. ಅದು ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂಬುದನ್ನು ಮೀಟರಿನ ಮುಖದ ಮೇಲೆ ಅಚ್ಚು ಹಾಕಿರುತ್ತಾರೆ. ಆ ಸಂಖ್ಯೆ 3200 ಎಂದಿದ್ದು, ಒಂದು ನಿಮಿಷದಲ್ಲಿ ದೀಪ 8 ಸಲ ಮಿಣುಕಿದರೆ ಆಗ ಮನೆಯಲ್ಲಿ 150 ವ್ಯಾಟ್ ಓಡುತ್ತಿದೆ ಎಂದರ್ಥ. ಒಂದೊಂದೇ ಉಪಕರಣವನ್ನು ಹಾಕಿ ಮಿಣುಕು ಎಣಿಸಿದರೆ ಯಾವುದು ಹೆಚ್ಚು ತಿನ್ನುತ್ತದೆ ಎಂಬುದು ಗೊತ್ತಾಗುತ್ತದೆ. ಎಲ್ಲವನ್ನೂ ಆರಿಸಿ, ಪ್ಲಗ್ಗುಗಳನ್ನು ಕಿತ್ತ ಮೇಲೂ ದೀಪ ಮಿಣುಕುತ್ತಿದ್ದರೆ ವೈರಿಂಗಿನಲ್ಲಿ ಸೋರಿಕೆ ಇರುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಪರವಾನಗಿ ಪಡೆದ ಎಲೆಕ್ಟ್ರೀಷಿಯನ್ನರನ್ನು ಕೂಡಲೇ ಕರೆಸಿರಿ. ಇದು ಹಣದ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆಯೂ ಹೌದು.

ಖರ್ಚು ಎಲ್ಲಿದೆ?

ಐದು ಜನರ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಿಂಗಳಿಗೆ ಫ್ರಿಜ್ 24 ಯೂನಿಟ್, 75 ವ್ಯಾಟಿನ ಎರಡು ಫ್ಯಾನುಗಳು ದಿನಕ್ಕೆ 8 ಗಂಟೆ ತಿರುಗಿದರೆ 36, ಆರು ಎಲ್.ಇ.ಡಿ. ದೀಪಗಳು 8, ಟಿ.ವಿ. 12, ಮಿಕ್ಸಿ 3, ತೊಟ್ಟಿ ತುಂಬಿಸುವ ಒಂದು ಎಚ್.ಪಿ. ಮೋಟಾರು ದಿನಕ್ಕೆ ಅರ್ಧ ಗಂಟೆಯಂತೆ 15. ಒಟ್ಟು 98 ಯೂನಿಟ್.

ಇನ್ನು ಸ್ನಾನದ ನೀರಿನ ಲೆಕ್ಕ. ಒಬ್ಬರಿಗೆ 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಹೆಚ್ಚು ಕಡಿಮೆ ಅರ್ಧ ಯೂನಿಟ್ ಬೇಕು. ಗೀಸರ್ ಆಗಲಿ ಕಾಯಿಲ್ ಆಗಲಿ, ಇದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಐದು ಜನರಿಗೆ ತಿಂಗಳಿಗೆ 70 ಯೂನಿಟ್! ಉಳಿದೆಲ್ಲ ಉಪಕರಣಗಳು ಸೇರಿ 98 ತಿಂದರೆ, ಬಚ್ಚಲ ಮನೆಯೊಂದೇ 70 ತಿನ್ನುತ್ತದೆ. ಒಟ್ಟು 168 ಆಗಿ, 110ರ ಪಾಲನ್ನು 58 ಯೂನಿಟ್ ಮೀರುತ್ತದೆ.

ಇದರಿಂದ ತಿಳಿದುಬರುವ ಮುಖ್ಯ ಅಂಶವಿಷ್ಟೆ: ಬೆಳಕು, ಗಾಳಿ, ಅರೆಯುವ ಕೆಲಸಗಳಿಗೆ ವಿದ್ಯುತ್ ಬಳಸಿರಿ, ಬಿಸಿ ಮಾಡುವ ಕೆಲಸಕ್ಕೆ ಸಾಧ್ಯವಾದಷ್ಟು ಬಳಸಬೇಡಿ. ರಾತ್ರಿ ಒಂದು ಎಲ್.ಇ.ಡಿ. ದೀಪ ಉರಿದರೆಂದು ಮಕ್ಕಳನ್ನು ಗದರುವುದರಿಂದ ಉಳಿಯುವುದು ಅತ್ಯಲ್ಪ. 9 ವ್ಯಾಟಿನ ದೀಪ 5 ಗಂಟೆಯಂತೆ ತಿಂಗಳೆಲ್ಲ ಉರಿದರೂ ಒಂದೂವರೆ ಯೂನಿಟ್ ಆಗದು. ಬೇಸಿಗೆಯ ಸೆಕೆಯಲ್ಲಿ ಫ್ಯಾನು ನಿಲ್ಲಿಸಬೇಕಾಗಿಯೂ ಇಲ್ಲ. ಹಳೆಯ ಫ್ಯಾನು ಕೆಟ್ಟಾಗ ಸುಮಾರು 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನು ಹಾಕಿಸಿದರೆ ಮೇಲಿನ ಲೆಕ್ಕದ 36 ಯೂನಿಟ್ 15ಕ್ಕಿಂತ ಕೆಳಗೆ ಇಳಿಯುತ್ತದೆ.

ಬಿಸಿಗೆ ಪರ್ಯಾಯ ಯಾವುದು?

ಮೂರು ತಾಲ್ಲೂಕುಗಳಿಗೂ ಒಂದೇ ಸಲಹೆ ಹೊಂದುವುದಿಲ್ಲ. ನಿಮ್ಮ ಮನೆಯ ಸುತ್ತ ಏನು ದೊರೆಯುತ್ತದೆ ಎಂಬುದನ್ನು ನೋಡಿ ಆರಿಸಿಕೊಳ್ಳಬೇಕು.

ಕಡೂರಿನ ಬಯಲು ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಮೊದಲ ಬಂಡವಾಳ ಹೂಡಬಲ್ಲ ಕುಟುಂಬಕ್ಕೆ ಮನೆಯ ಮೇಲೆ 100 ಲೀಟರಿನ ಸೌರ ನೀರು ಕಾಯಿಸುವ ಉಪಕರಣ ಬಹಳ ಸೂಕ್ತ. ಅದು ಆಗದವರಿಗೆ ತೆಂಗಿನ ಚಿಪ್ಪು, ಒಣ ಹೊಂಬಾಳೆ, ಗರಿಯ ಬುಡದ ಮಟ್ಟೆಗಳು ತೋಟದಲ್ಲಿಯೇ ಇವೆ.

ತರೀಕೆರೆಯ ಮಲೆನಾಡಿನ ಸೆರಗಿನಲ್ಲಿ, ಲಕ್ಕವಳ್ಳಿಯ ಕಡೆ, ಮಳೆಗಾಲದಲ್ಲಿ ಸೂರ್ಯನನ್ನು ನಂಬಿ ಕೂರುವಂತಿಲ್ಲ. ಇಲ್ಲಿ ಮುಖ್ಯವಾದುದು ಒಣ ಸೌದೆ. ಹಸಿ ಸೌದೆಯ ಶಾಖದ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ವ್ಯರ್ಥವಾಗುತ್ತದೆ, ಹೊಗೆಯೂ ಹೆಚ್ಚುತ್ತದೆ. ಆದ್ದರಿಂದ ಮುಂಗಾರಿಗೆ ಮುನ್ನ ಸೌದೆ ಸೀಳಿ, ಒಣಗಿಸಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಪೇರಿಸಿಡಿ.

ಅಮೃತಮಹಲ್ ತಳಿಯ ದನಗಳಿಗೆ ಹೆಸರಾದ ಅಜ್ಜಂಪುರದ ಸುತ್ತ ದನಕರುಗಳಿರುವ ಮನೆಗಳಿಗೆ ಗೋಬರ್ ಗ್ಯಾಸ್ ಉತ್ತಮ. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ರಾಸುಗಳು ಬೇಕು. ಐದಾರು ಜನರ ಅಡುಗೆಗೆ ಇದು ಸಾಕು. ಬೆರಣಿ ತಟ್ಟಿ ಸುಟ್ಟರೆ ಸಗಣಿಯ ಸಾರಜನಕ ಹೊಗೆಯಾಗಿ ಹೋಗುತ್ತದೆ. ಗ್ಯಾಸ್ ತೆಗೆದರೆ ಬಗ್ಗಡದಲ್ಲಿ ಅದು ಉಳಿದು ಹೊಲಕ್ಕೆ ಸೇರುತ್ತದೆ. ಎರಡು ರಾಸು ಇರುವವರು ಇದಕ್ಕೆ ಕೈಹಾಕುವುದು ಬೇಡ. ಹೊಟ್ಟೆ ತುಂಬದ ಘಟಕ ಕೆಲಸ ಮಾಡುವುದಿಲ್ಲ.

ಒಲೆಯ ಮಹತ್ವ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ‘ಅಸ್ತ್ರ’ ಕೇಂದ್ರದವರು, ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಇಂಧನದ ಸಮೀಕ್ಷೆ ನಡೆಸಿದರು. ಹಳ್ಳಿಯ ಇಂಧನದ ಸಿಂಹಪಾಲು ಸೌದೆಯದು, ಅದು ಹೋಗುವುದು ಅಡುಗೆಗೆ ಮತ್ತು ನೀರು ಕಾಯಿಸುವುದಕ್ಕೆ, ಅದನ್ನು ಹೊತ್ತು ತರುವ ಶ್ರಮ ಹೆಚ್ಚಾಗಿ ಹೆಂಗಸರು ಮಕ್ಕಳದು ಎಂಬುದು ಅದರಿಂದ ಸ್ಪಷ್ಟವಾಯಿತು. ಅದೇ ಕೇಂದ್ರದಲ್ಲಿ ರೂಪುಗೊಂಡ ಅಸ್ತ್ರ ಒಲೆ 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ಹೋಯಿತು.

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ ಪಾತ್ರೆಗೆ ತಲಪುತ್ತದೆ. ತುರಿ, ಮುಚ್ಚಿದ ಬಾಯಿ, ಹೊಗೆಕೊಳವೆ ಇರುವ ಸುಧಾರಿತ ಒಲೆಯಲ್ಲಿ ಮೂರು ಪಾಲಿನಷ್ಟು ತಲಪುತ್ತದೆ. ಐದು ಜನರ ಸ್ನಾನದ ನೀರಿಗೆ ಮೊದಲನೆಯದರಲ್ಲಿ ಐದೂವರೆ ಕಿಲೋ ಒಣ ಸೌದೆ ಬೇಕಾದರೆ ಎರಡನೆಯದರಲ್ಲಿ ಎರಡು ಕಿಲೋ ಸಾಕು. ಹಂಡೆಯ ಮೇಲೆ ಮುಚ್ಚಳವಿರಲಿ, ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಿರಿ.

ಇಲ್ಲಿ ತೋಟದ ಹಿತವೂ ಅಡಗಿದೆ. ತೆಂಗಿನ ಕಾಯಿಯ ಸಿಪ್ಪೆ, ಅಡಿಕೆಯ ಗರಿಗಳನ್ನು ಒಲೆಗೆ ಹಾಕಬೇಡಿ. ಸಿಪ್ಪೆಯನ್ನು ಮರದ ಪಾತಿಯಲ್ಲಿ ಹೂತರೆ ತೇವ ಹಿಡಿದಿಡುತ್ತದೆ, ಅದರ ಪೊಟ್ಯಾಷ್ ಬೇರಿಗೆ ದೊರೆಯುತ್ತದೆ. ಒಲೆ ಕಡಿಮೆ ತಿಂದಷ್ಟೂ ಭೂಮಿಗೆ ಹೆಚ್ಚು ಉಳಿಯುತ್ತದೆ. ಒಲೆಯ ಬೂದಿಯನ್ನೂ ತಿಪ್ಪೆಯಲ್ಲಿ ಕಳೆಯದೆ ತೋಟಕ್ಕೆ ಹಾಕಿ.

ಅಡುಗೆ ಅನಿಲ

ಸಿಲಿಂಡರ್ ಜೋಡಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. 14.2 ಕಿಲೋ ಸಿಲಿಂಡರ್ 40 ದಿನ ಬರುತ್ತಿದ್ದ ಮನೆಯಲ್ಲಿ 50 ದಿನ ಬರುವಂತಾದರೆ ವರ್ಷಕ್ಕೆ ಸುಮಾರು ಎರಡು ಸಿಲಿಂಡರ್ ಉಳಿತಾಯ. ಇದಕ್ಕಾಗಿ:

1. ಅವರೆ, ಹುರುಳಿ, ಕಡಲೆಗಳನ್ನು ರಾತ್ರಿಯೇ ನೆನೆಹಾಕಿ, ಕುಕ್ಕರಿನಲ್ಲಿ ಬೇಯಿಸಿ.
2. ಕುದಿ ಬಂದ ಕೂಡಲೇ ಉರಿ ತಗ್ಗಿಸಿ. ಕುದಿಯುವ ನೀರು ಹೆಚ್ಚು ಉರಿಗೆ ಹೆಚ್ಚು ಬಿಸಿಯಾಗದು. ಬರಿಯ ಆವಿ ಹೆಚ್ಚುತ್ತದೆ.
3. ಉರಿ ಪಾತ್ರೆಯ ತಳವನ್ನು ಮೀರಿ ಪಕ್ಕಕ್ಕೆ ಏರದಿರಲಿ.
4. ಹಳದಿ ಉರಿ ಕಂಡರೆ ಬರ್ನರ್ ಶುಚಿಗೊಳಿಸಿ.

ಎಚ್ಚರಿಕೆ

ಅನಿವಾರ್ಯವಾಗಿ ನೀರು ಕಾಯಿಸುವ ಕಾಯಿಲ್ ಬಳಸುವವರು ಲೋಹದ ಬಕೆಟ್ಟಿನಲ್ಲಿ ಬಳಸಬಾರದು. ಪ್ಲಗ್ ಕಿತ್ತಲ್ಲದೆ ನೀರು ಮುಟ್ಟಬಾರದು. ಮನೆಯ ಅರ್ಥಿಂಗ್ ಸರಿಯಿರಲಿ. ಬೇಸಿಗೆಯಲ್ಲಿ ಅದರ ಗುಂಡಿಗೆ ನೀರು ಹಾಕಿ.

ಮೇಲಿನ ಉದಾಹರಣೆಯ ಮನೆಯವರು ಸ್ನಾನದ ನೀರನ್ನು ವಿದ್ಯುತ್ತಿನಿಂದ ಬಿಡಿಸಿದರೆ 168ರಿಂದ 98ಕ್ಕೆ ಇಳಿದು ತಮ್ಮ ಪಾಲಿನೊಳಗೆ ಬರುತ್ತಾರೆ. ತಿಂಗಳಿಗೆ 350 ರೂಪಾಯಿಯಂತೆ ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿಗೂ ಮಿಕ್ಕಿ ಉಳಿಯುತ್ತದೆ. ಅನಿಲದ ಉಳಿತಾಯ ಬೇರೆ. ಇದಕ್ಕಾಗಿ ಯಾರೂ ಕತ್ತಲಲ್ಲಿ ಕೂರಬೇಕಾಗಿಲ್ಲ, ತಣ್ಣೀರು ಸ್ನಾನ ಮಾಡಬೇಕಾಗಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಮೀಟರಿನ ಮುಂದೆ ನಿಂತು ಮೊದಲ ಸಂಖ್ಯೆಯನ್ನು ಬರೆಯಿರಿ. ನಾಲ್ಕು ವಾರ ತಪ್ಪದೆ ಬರೆದರೆ ನಿಮ್ಮ ಮನೆಯಲ್ಲಿ ಮೊದಲು ಯಾವ ತೂತು ಮುಚ್ಚಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.